ಹಾಲಿನ ಬೂತಿನ ಮುಂದೆ ನನ್ನ ವಿಚಾರಣೆ

ನನಗೆ ಹೆಣ್ಣು ಕೊಡಬಹುದೋ ಬೇಡವೋ ಅನ್ನೋದು ತೀರ್ಮಾನ ಆಗಿದ್ದು ಜೋಗುಪಾಳ್ಯದ ಒಂದು ಹಾಲಿನ ಬೂತಿನ ಮುಂದೆ. ಚಳಿಗಾಲದ ಬೆಳಗು, ಇನ್ನೂ ಸರಿಯಾಗಿ ಬೆಳಕು ಹರಿದಿರಲಿಲ್ಲ. ವಿಚಾರಿಸೋಕೆ ಬಂದಿದ್ದ ಹಿರಿಯರ ಬೆನ್ನ ಹಿಂದೆ, ಮಂಕಿ ಟೋಪಿ ಹಾಕ್ಕೊಂಡು, ಸಾಲಲ್ಲಿ ನಾನೇ ನಿಂತಿದ್ದೆ! ಇಷ್ಟು ವರ್ಷ ಆಯ್ತು, ನೆನೆಸಿಕೊಂಡ್ರೆ ಈಗಲೂ ಎದೆ ಢವಢವ ಅನ್ನುತ್ತೆ, ಹಿಂದೆಯೇ ನಗು ಉಕ್ಕುತ್ತೆ. ಮೊದಲಿಂದ ಹೇಳ್ತೀನಿ, ಇಲ್ಲದಿದ್ರೆ ಮಜಾ ಬರೋಲ್ಲ.

ತೊಂಬತ್ತರ ದಶಕದ ಮಾತು. ನಾನು ರಾಯಚೂರು ಕಡೆಯವನು. ವೈರಿಂಗ್ ಕೆಲಸ ಕಲಿತು ಬೆಂಗಳೂರಿಗೆ ಬಂದು, ಜೋಗುಪಾಳ್ಯದ ಒಂದು ವಠಾರದಲ್ಲಿ ನಮ್ಮ ಸೀಮೆಯ ಇಬ್ಬರ ಜೊತೆ ಕೋಣೆ ಹಿಡಿದಿದ್ದೆ. ಒಬ್ಬ ಪೇಂಟರ್, ಇನ್ನೊಬ್ಬ ಟೈಲ್ಸ್ ಕೂರಿಸೋನು. ಊರಲ್ಲಿ 'ಯಾಕಲೇ' ಅಂತಿದ್ದವರು ಇಲ್ಲಿಗೆ ಬಂದ ಮೂರನೇ ತಿಂಗಳಿಗೆ 'ಏನ್ ಮಗಾ', 'ಬಿಡು ಗುರು' ಅನ್ನೋಕೆ ಶುರು ಮಾಡಿದ್ರು. ಕೋಣೆ ಎಷ್ಟು ಚಿಕ್ಕದು ಅಂದ್ರೆ ಒಬ್ಬ ಮಗ್ಗುಲು ಬದಲಿಸಬೇಕಾದ್ರೆ ಇನ್ನಿಬ್ಬರನ್ನ ಕೇಳಬೇಕಿತ್ತು. ಆದ್ರೂ ಖುಷಿಯಾಗಿದ್ವಿ.

ವಠಾರದ ಮೂಲೆಗೆ ಹಾಲಿನ ಬೂತು. ಬೂತು ಅಂದ್ರೆ ಏನು, ಒಬ್ಬರು ಕೂರುವಷ್ಟು ತಗಡಿನ ಡಬ್ಬ. ಅದರೊಳಗೆ ಕೂತಿದ್ದ ಹೆಂಗಸನ್ನ ಇಡೀ ಬೀದಿ ಬೂತಮ್ಮ ಅಂತಿತ್ತು. ಮನೆಮಾತು ತಮಿಳು, ಬೈಯೋದು ಕನ್ನಡದಲ್ಲಿ, ಚಿಲ್ಲರೆ ಕೇಳೋದು ಉರ್ದುವಿನಲ್ಲಿ. ಯಾವತ್ತಾದ್ರೂ ವ್ಯಾನು ತಡವಾಗಿ ಬಂದು ಹಾಲು ಬೆಚ್ಚಗಾಗಿದ್ರೆ ಬೇರೆಯವರಾದ್ರೆ ಬಾಯಿ ಬಿಡ್ತಿರಲಿಲ್ಲ, ಮಾರಿ ಕೈ ತೊಳ್ಕೋತಿದ್ರು. ಈಯಮ್ಮ ಕಿಂಡಿಯಿಂದ ತಲೆ ಹೊರಗೆ ಹಾಕಿ, "ಇವತ್ತಿನ ಹಾಲು ನಂಬಬೇಡಿ, ಕಾಸಿದ್ರೆ ಒಡೆದ್ಹೋಗುತ್ತೆ, ಮಕ್ಕಳಿಗಂತೂ ಬೇಡವೇ ಬೇಡ" ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗೋಳು. ಅರ್ಧ ಹಾಲು ಹಾಗೇ ಉಳಿಯೋದು. ಮಾರನೇ ದಿನ ನೋಡಿದ್ರೆ ಅದೇ ಜನ, ಅದೇ ಉದ್ದದ ಸಾಲು.

ಅದಕ್ಕೇ ಏನೋ, ಹಾಲಿಗೆ ಸಂಬಂಧವೇ ಇಲ್ಲದ ವಿಷಯಗಳನ್ನೂ ಜನ ಆಕೆಯನ್ನೇ ಕೇಳೋರು. ಮನೆಗೆಲಸಕ್ಕೆ ಬರ್ತೀನಿ ಅಂದಿರೋ ಹೆಂಗಸು ಹೇಗೆ, ಮೇಲಿನ ಕೋಣೆಗೆ ಬಂದಿರೋ ಬಾಡಿಗೆಯವರು ಹೇಗೆ, ಎಲ್ಲ ಆ ಕಿಂಡಿಯ ಮುಂದೆಯೇ ವಿಚಾರಣೆ.

ನಾನು ಬಂದ ಹೊಸದು. ಇಂದಿರಾನಗರದ ಕಡೆಯ ಒಬ್ಬ ಯಜಮಾನರು ಬೆಳಗಿನ ವಾಕಿಂಗ್ ಮುಗಿಸಿ ಹಾಲು ತಗೊಳ್ಳೋಕೆ ಅಲ್ಲಿಗೆ ಬರೋರು. ಇಡೀ ಮನೆಗೆ ಹೊಸ ವೈರಿಂಗ್ ಆಗಬೇಕಿತ್ತು. ಕೆಲಸ ನಡೆಯೋವಾಗ ಅವರು ಊರಲ್ಲಿರಲ್ಲ, ಮನೆ ಬೀಗದ ಕೈ ಕೊಟ್ಟು ಹೋಗಬೇಕು. ನಾನು ಮುನ್ನುಗ್ಗಿ "ನಾನು ಮಾಡ್ತೀನಿ ಸಾರ್" ಅಂದೆ. ಅವರು ನನ್ನ ಮುಖ ನೋಡಿದ್ರು, ಬೂತಮ್ಮನ ಮುಖ ನೋಡಿದ್ರು. "ಹೇಗಮ್ಮ ಈ ಹುಡುಗ?"

ಬೂತಮ್ಮ ನನ್ನನ್ನ ಕಾಲಿಂದ ತಲೆವರೆಗೆ ನೋಡಿ, "ಗೊತ್ತಿಲ್ಲ ಸಾರ್. ಮೊನ್ನೆ ಬಂದವನು" ಅಂದ್ಲು.

ಕೆಲಸ ಕೈತಪ್ಪಿ ಹೋಯ್ತು. ಮೈಯೆಲ್ಲ ಉರಿದು ಹೋಯ್ತು ನನಗೆ! ಕೆಟ್ಟವನು ಅಂದಿದ್ರೆ ಜಗಳಾನಾದ್ರೂ ಆಡಬಹುದಿತ್ತು, ಗೊತ್ತಿಲ್ಲ ಅಂದವರ ಜೊತೆ ಏನಂತ ಜಗಳ ಆಡೋದು? ಆದ್ರೂ ಆಡಿದೆ. "ಒಳ್ಳೆಯವನು ಅಂತ ಒಂದು ಮಾತು ಹೇಳಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು?" ಅಂತ ಕೂಗಾಡಿ, ಇನ್ನು ಈ ಬೂತಿನ ಹಾಲು ಮುಟ್ಟಲ್ಲ ಅಂತ ಶಪಥ ಮಾಡಿ, ಹಲಸೂರಿನ ದೇವಸ್ಥಾನದ ಹತ್ತಿರದ ಇನ್ನೊಂದು ಬೂತಿಗೆ ಹೋಗೋಕೆ ಶುರು ಮಾಡಿದೆ. ಅಲ್ಲಿ ಒಂದೇ ವಾರದಲ್ಲಿ ಹಾಲು ಎರಡು ಸಲ ಒಡೆದು ಚಾ ಎಲ್ಲ ಗಸಿಗಸಿ. ಆ ಬೂತಿನವನು ಹಲ್ಲು ಕಿರಿದು "ನಿಮ್ಮ ಪಾತ್ರೆ ಸರಿ ಇಲ್ಲ" ಅಂದ. ಬಾಯಿ ಮುಚ್ಕೊಂಡು ವಾಪಸ್ ಬಂದೆ.

ನಾನು ವಾಪಸ್ ಬಂದ ದಿನವೇ ವ್ಯಾನು ಬಂದ್ರೆ ಹಾಲು ಇಳಿಸೋರೇ ಇಲ್ಲ. ದಿನಾ ಕ್ರೇಟ್ ಇಳಿಸ್ತಿದ್ದ ಬೂತಮ್ಮನ ಗಂಡನಿಗೆ ಸೊಂಟ ಹಿಡ್ಕೊಂಡಿತ್ತು. ಡ್ರೈವರು ಹಾರ್ನ್ ಮೇಲೆ ಹಾರ್ನ್. ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ, ಗೊಣಗ್ತಾನೇ ಕ್ರೇಟ್ ಇಳಿಸಿ ಜೋಡಿಸಿದೆ. ಮಾರನೇ ದಿನವೂ ಇಳಿಸಿದೆ. ಆಮೇಲೆ ಅದು ಹಲ್ಲುಜ್ಜಿದ ಹಾಗೆ ಅಭ್ಯಾಸ ಆಗಿಬಿಡ್ತು. ಆಕೆ ಒಂದು ದಿನವೂ ಥ್ಯಾಂಕ್ಸ್ ಅನ್ನಲಿಲ್ಲ, ನಾನೂ ಕಾಯಲಿಲ್ಲ.

ಒಂದು ವರ್ಷದ ಮೇಲಾಗಿರಬೇಕು. ಅದೇ ಇಂದಿರಾನಗರದ ಯಜಮಾನರು ಬಂದು, ನಾನು ಕೇಳದೆಯೇ, ಬೀಗದ ಕೈ ಗೊಂಚಲು ನನ್ನ ಕೈಗೆ ಹಾಕಿದ್ರು. ಮಹಡಿ ಮೇಲೆ ಎರಡು ಕೋಣೆ ಕಟ್ಟಿಸ್ತಿದ್ರು, ಅದಕ್ಕೆ ವೈರಿಂಗ್. "ಈಗ ಕೊಡಬಹುದು ಅಂದ್ರಪ್ಪ ನಿಮ್ಮ ಬೂತಮ್ಮ" ಅಂದ್ರು. ಆ ಗೊಂಚಲು ಹಿಡ್ಕೊಂಡು ಕೋಣೆಗೆ ಓಡಿ ಬಂದೆ. ಪೇಂಟರ್ ಗೆಳೆಯ ನಿದ್ದೆಗಣ್ಣಲ್ಲೇ ಎದ್ದು "ಏನು ಗುರು, ಮನೆ ತಗೊಂಡ್ಯಾ?" ಅಂದ. ಮನೆ ತಗೊಂಡಷ್ಟೇ ಸಂತೋಷ ಆಗಿತ್ತು ನನಗೆ. ಆ ಮನೆಯಿಂದ ಪಕ್ಕದ ಮನೆ, ಅಲ್ಲಿಂದ ಎದುರು ಮನೆ, ಕೆಲಸಕ್ಕೆ ಬರವೇ ಇಲ್ಲ.

ಅಂದ ಮಾತ್ರಕ್ಕೆ ಆಕೆ ನನ್ನ ಪರ ಅಂತ ತಿಳ್ಕೋಬೇಡಿ. ಬಾಡಿಗೆ ಕೋಣೆಗಳಲ್ಲಿ ಕರೆಂಟಿನ ಕಾಯಿಲ್ ಒಲೆ ಹಚ್ಚಬಾರದು ಅಂತ ಮನೆ ಓನರ್ ಕಟ್ಟಪ್ಪಣೆ. ನಾನು ವೈರಿಂಗ್‌ನವನು, ಹಚ್ಚದೆ ಇರ್ತೀನಾ? ಕದ್ದು ಹಚ್ತಿದ್ವಿ. ಒಂದಿನ ಓನರ್ ಅನುಮಾನ ಬಂದು ಬೂತಮ್ಮನ್ನ ಕೇಳಿದ್ರು. ಆಕೆ, "ಹೌದು, ನನ್ನ ಹಾಲನ್ನೇ ಅದರ ಮೇಲೆ ಕಾಸ್ತಾರೆ" ಅಂದುಬಿಟ್ಲು! ಒಲೆ ಓನರ್ ಪಾಲಾಯ್ತು. ನಾನು ಬೂತಿನ ಮುಂದೆ ಕುಣಿದಾಡಿದೆ.

"ಗೊತ್ತಿಲ್ಲ ಅನ್ನೋಕೆ ನಿಮಗೇನು ಧಾಡಿಯಾಗಿತ್ತು? ಅವತ್ತು ಆ ಸಾರ್ ಮುಂದೆ ಅಂದ್ರಲ್ಲ!"

"ಅವತ್ತು ಗೊತ್ತಿರಲಿಲ್ಲ ಕಣಪ್ಪ. ಒಲೆ ವಿಷಯ ನೀನೇ ಹೇಳಿದ್ಯಲ್ಲ!"

ಏನು ಹೇಳ್ತೀರಿ ಇಂಥವರಿಗೆ? ವಾರಗಟ್ಟಲೆ ತಣ್ಣನೆ ಅನ್ನ ತಿಂದ್ವಿ. ಮೂರೂ ಜನ ಆಕೆಯನ್ನ ಬೈಕೊಂಡೇ ತಿಂದ್ವಿ.

ಸರಿಯಾಗಿ ಅದೇ ಹೊತ್ತಿಗೆ ನನಗೊಂದು ಹೆಣ್ಣಿನ ಪ್ರಸ್ತಾಪ ಬಂದಿದ್ದು. ಹುಡುಗಿಯ ಮನೆಯವರು ನಮ್ಮ ಸೀಮೆಯವರೇ, ಕೆ.ಆರ್.ಪುರದಲ್ಲಿ ಟಿನ್ ಫ್ಯಾಕ್ಟರಿ ಹತ್ತಿರ ಬಹಳ ವರ್ಷದಿಂದ ಇದ್ರು. ತಂದೆ ಇಲ್ಲ, ಮನೆಯ ಮಾತೆಲ್ಲ ಸೋದರಮಾವನದು. ಹುಡುಗಿ ಶಿವಾಜಿನಗರದ ಒಂದು ಬಟ್ಟೆ ಅಂಗಡಿಯಲ್ಲಿ ಹೊಲಿಗೆ ಕೆಲಸಕ್ಕೆ ದಿನಾ ಬಸ್ಸಲ್ಲಿ ಓಡಾಡೋಳು. ನಮ್ಮೂರಿನ ಒಬ್ಬ ಹಿರಿಯರು ನಡುವೆ ನಿಂತು ಫೋಟೋ, ವಿಳಾಸ ಎಲ್ಲ ಕೊಟ್ಟು ಮಾತಾಡಿದ್ರು. ಒಂದು ಭಾನುವಾರ ಇಸ್ತ್ರಿ ಶರ್ಟು ಹಾಕ್ಕೊಂಡು ನೋಡೋಕೆ ಹೋದ್ವಿ.

ಆಕೆ ಚಾ ತಂದಳು. ತಟ್ಟೆಯಿಂದ ಲೋಟ ಎತ್ತಿ ನನ್ನ ಕಡೆ ಚಾಚಿ, ಕೊಡದೆ ಹಾಗೇ ಹಿಡ್ಕೊಂಡು, ನೆಟ್ಟಗೆ ನನ್ನ ಮುಖ ನೋಡಿ ಕೇಳಿದಳು: "ನಿಮಗ ಸಿಟ್ಟು ಬರ್ತದೇನ್ರಿ?"

ಹುಡುಗಿ ಹೀಗೆ ಕೇಳೋದುಂಟಾ! ಪಕ್ಕದಲ್ಲಿದ್ದ ಟೈಲ್ಸ್ ಗೆಳೆಯ ನನ್ನ ತೊಡೆ ಜಿಗುಟಿದ, 'ಇಲ್ಲ ಅನ್ನು' ಅಂತ ಅರ್ಥ. ಆದ್ರೆ ಆ ಕಣ್ಣು ನೋಡ್ತಾ 'ಇಲ್ಲ' ಅನ್ನೋಕೆ ನಾಲಿಗೆ ಏಳಲಿಲ್ಲ. "ಬರ್ತದ್ರಿ. ಜಾಸ್ತಿನೇ ಬರ್ತದ. ಆದ್ರ ಬಂದಷ್ಟೇ ಲಗೂನ ಹೋಗ್ತದ" ಅಂದೆ. ಸೋದರಮಾವ ಕೆಮ್ಮಿದ್ರು. ಆಕೆ ಲೋಟ ನನ್ನ ಕೈಗೆ ಕೊಟ್ಟು ಒಳಗೆ ಹೋದಳು. ಅಷ್ಟೇ! ನಾನು ಅಲ್ಲೇ ಬಿದ್ದುಹೋದೆ. ಮದುವೆ ಅಂತ ಆದ್ರೆ ಇವಳನ್ನೇ ಅಂತ ಮನಸ್ಸು ಒದ್ದಾಡೋಕೆ ಶುರುವಾಯ್ತು.

ಬಸ್ಸಲ್ಲಿ ವಾಪಸ್ ಬರ್ತಾ ಗೆಳೆಯರಿಬ್ಬರೂ ನನ್ನನ್ನ ಹುರಿದು ತಿಂದ್ರು. "ಸತ್ಯಹರಿಶ್ಚಂದ್ರನ ಮೊಮ್ಮಗನಾ ನೀನು? ಕೆಡಿಸ್ಕೊಂಡ್ಯಲ್ಲ ಮಗಾ!" ಹುಡುಗಿಯ ಮಾವ ಮುಂದಿನ ವಾರ ನಮ್ಮ ಬೀದಿಗೆ ಬಂದು ವಿಚಾರಿಸ್ತಾರೆ ಅಂತ ನಡುವಿನ ಹಿರಿಯರು ಆಗಲೇ ಹೇಳಿದ್ರು. ಅದು ಎಲ್ಲರೂ ಮಾಡೋದೇ. ಹುಡುಗ ಇರೋ ಬೀದಿಯ ಅಂಗಡಿಗಳಲ್ಲಿ ಹೀಗೇ ಮಾತಿಗೆ ಅಂತ ನಿಂತು, ಹುಡುಗ ಹೇಗೆ ಅಂತ ಕೇಳಿ ತಿಳ್ಕೊಂಡ ಮೇಲೇ ಹೂಂ ಅನ್ನೋದು.

"ನೀನು ಸುಮ್ನಿರು, ನಾವು ಸರಿ ಮಾಡ್ತೀವಿ" ಅಂದ್ರು ಗೆಳೆಯರು. ಪ್ರೀತಿಯಿಂದಲೇ ಅಂದ್ರು, ಆ ಪ್ರೀತಿಗೆ ಬೆಂಕಿ ಹಾಕ! ಬೀದಿಯೆಲ್ಲ ತಿರುಗಿ ಎಳನೀರಿನವನಿಗೆ, ಸೈಕಲ್ ಶಾಪಿನ ಭಾಯ್‌ಗೆ, ಮೆಸ್ಸಿನವನಿಗೆ, ಕಟಿಂಗ್ ಶಾಪಿನವನಿಗೆ ಒಂದೇ ಪಾಠ ಹೇಳಿಕೊಟ್ಟು ಬಂದ್ರು: "ಬಂಗಾರದಂಥ ಹುಡುಗ, ಸಿಟ್ಟು ಅಂದ್ರೇನು ಅಂತಾನೇ ಗೊತ್ತಿಲ್ಲ." ಬೂತಮ್ಮನ ಹತ್ತಿರ ಮಾತ್ರ ಹೋಗಲಿಲ್ಲ. ಹೋಗೋಕೆ ಧೈರ್ಯ ಯಾರಿಗಿತ್ತು? ಬೂತು ಮಧ್ಯಾಹ್ನ ಮುಚ್ಚಿರುತ್ತಲ್ಲ, ಮಾವ ಬರೋದು ಮಧ್ಯಾಹ್ನವೇ ಅಂತ ಸಮಾಧಾನ ಮಾಡ್ಕೊಂಡ್ವಿ.

ಮಾವ ಮಧ್ಯಾಹ್ನವೇ ಬಂದ್ರು. ಸಂಜೆ ನಾನು ಕೆಲಸದಿಂದ ಬರೋ ಹೊತ್ತಿಗೆ ಕಟಿಂಗ್ ಶಾಪಿನವನು ಕತ್ತರಿ ಹಿಡ್ಕೊಂಡೇ ರಸ್ತೆಗೆ ಓಡಿ ಬಂದ. "ಗುರೂ, ಸೂಪರ್ ಆಗಿ ಹೇಳ್ಬಿಟ್ಟೆ! ಅವರು ಬಂದು ಕುರ್ಚಿ ಮೇಲೆ ಕೂತ್ರು. ಬಾಯಿ ಬಿಡೋಕೆ ಮುಂಚೇನೇ, ಬಂಗಾರದಂಥ ಹುಡುಗ ಸಾರ್, ಸಿಟ್ಟು ಅಂದ್ರೇನು ಅಂತಾನೇ ಗೊತ್ತಿಲ್ಲ ಅಂದೆ!"

"ಬಾಯಿ ಬಿಡೋಕೆ ಮುಂಚೆ?"

"ಹೂಂ! ಶೇವಿಂಗ್ ಮಾಡಿಸೋಕೆ ಬಂದಿದ್ರು ಪಾಪ."

ನಾನು ತಲೆ ಮೇಲೆ ಕೈ ಹೊತ್ತು ಅಲ್ಲೇ ಫುಟ್‌ಪಾತ್ ಮೇಲೆ ಕೂತೆ. ಎರಡು ದಿನಕ್ಕೆ ನಡುವಿನ ಹಿರಿಯರಿಂದ ಸುದ್ದಿ ಬಂತು. ಮಾವನಿಗೆ ಭಾರಿ ಅನುಮಾನ ಬಂದಿದೆ. ಬೀದಿಯೆಲ್ಲ ಒಂದೇ ಪಾಠ ಒಪ್ಪಿಸ್ತು, ಅದೂ ಹುಡುಗ ತಾನೇ ಹೇಳಿದ್ದಕ್ಕೆ ಪೂರ್ತಿ ಉಲ್ಟಾ. ಇವರು ಏನೋ ದೊಡ್ಡದನ್ನೇ ಮುಚ್ಚಿಡ್ತಿದ್ದಾರೆ ಅಂತಾರೆ. ಇನ್ನೊಂದು ಸಲ ಬರ್ತಾರಂತೆ, ಯಾವಾಗ ಅಂತ ಹೇಳಲ್ಲವಂತೆ. ಆಮೇಲೇ ಹೌದು ಅಥವಾ ಇಲ್ಲ.

ಆ ನಾಲ್ಕೈದು ದಿನ ನಾನು ಮನುಷ್ಯನಾಗಿರಲಿಲ್ಲ. ಸ್ವಿಚ್ ಬೋರ್ಡಿನ ಮುಂದೆ ನಿಂತ್ರೂ ಆ ಚಾ ಲೋಟವೇ ಕಣ್ಣ ಮುಂದೆ.

ಬಂದೇ ಬಂತು ಆ ಬೆಳಗು. ಮಂಕಿ ಟೋಪಿ ಕತ್ತಿನವರೆಗೆ ಎಳ್ಕೊಂಡು ಸಾಲಲ್ಲಿ ನಿಂತಿದ್ದೆ. ವ್ಯಾನು ಇನ್ನೂ ಬಂದಿರಲಿಲ್ಲ, ಹಿಂದಿನ ದಿನದ ಸಂಜೆ ಉಳಿದ ಪಾಕೆಟ್‌ಗಳನ್ನ ಆಕೆ ಹಾಗೆಂದು ಹೇಳಿಯೇ ಕೊಡ್ತಿದ್ಲು. ಮಫ್ಲರ್ ಸುತ್ತಿಕೊಂಡ ಒಬ್ಬರು ಸಾಲು ಬಿಟ್ಟು ನೇರ ಕಿಂಡಿಗೆ ಹೋದ್ರು. ಯಾವನು ಇವನು ಅಂತ ಬೈಯೋಕೆ ಬಾಯಿ ತೆಗೆದೆ. ಮುಖ ಕಂಡಿತು. ಮಾವ! ತೆಗೆದ ಬಾಯಿ ಹಾಗೇ ಮುಚ್ಚಿದೆ.

"ಅಮ್ಮಾ, ಇಲ್ಲಿ ವೈರಿಂಗ್ ಮಾಡೋ ರಾಯಚೂರು ಹುಡುಗ ಒಬ್ಬ ಇದ್ದಾನಲ್ರಿ, ಹೆಂಗದಾನ್ರಿ ಅವ?"

"ಯಾಕೆ, ಕೆಲಸಕ್ಕಾ? ಹೆಣ್ಣು ಕೊಡೋಕಾ?"

"ಹೆಣ್ಣು ಕೊಡಾಕ್ರಿ."

"ಹಾಗಾದ್ರೆ ನಿಂತ್ಕೊಳ್ಳಿ. ಅದು ಅರ್ಜೆಂಟಲ್ಲಿ ಹೇಳೋ ಮಾತಲ್ಲ."

ಹೇಳ್ತಾ ಆಕೆಯ ಕಣ್ಣು ಸೀದಾ ನನ್ನ ಮೇಲೆ ಬಿತ್ತು. ನಾನು ಮಾವನ ಬೆನ್ನ ಹಿಂದಿನಿಂದ ಎರಡೂ ಕೈ ಜೋಡಿಸಿದೆ. ಆಕೆ ನೋಡಿಯೂ ನೋಡದ ಹಾಗೆ ಪಾಕೆಟ್ ಕೊಡ್ತಾ ಹೋದ್ಲು. ಹಾಲು ತಗೊಂಡವರು ಮನೆಗೆ ಹೋಗಬೇಕೋ ಬೇಡವೋ? ಒಬ್ಬರೂ ಹೋಗಲಿಲ್ಲ. ಎಲ್ಲ ಅಲ್ಲೇ ಗುಂಪಾಗಿ ನಿಂತು ಕಿವಿ ನಿಮಿರಿಸಿದ್ರು.

"ಏನ್ ಕೇಳಬೇಕು ಕೇಳಿ ಈಗ."

"ಸಿಟ್ಟು ಹೆಂಗ್ರಿ ಅವಂದು?"

"ಅಯ್ಯಯ್ಯೋ! ಸಿಟ್ಟಾ? ಮೂಗಿನ ತುದೀಲೇ ಇಟ್ಕೊಂಡಿದ್ದಾನೆ! ಕಾಯಿಲ್ ಒಲೆ ವಿಷಯಕ್ಕೆ ಮೊನ್ನೆ ಇದೇ ಜಾಗದಲ್ಲಿ ಕುಣಿದ ನೋಡಿ, ನನ್ನ ಬೂತು ಕಿತ್ಕೊಂಡು ಹೋಗ್ತಾನೆ ಅಂದ್ಕೊಂಡೆ."

ಮುಗೀತು ನನ್ನ ಕಥೆ ಅಂದ್ಕೊಂಡೆ. ಮಾವನ ಕತ್ತು ಮಾತ್ರ ಹೌದು ಅನ್ನೋ ಹಾಗೆ ನಿಧಾನಕ್ಕೆ ಅಲ್ಲಾಡಿತು.

"ಕುಡಿಯೋದು ಗಿಡಿಯೋದು?"

"ನಾನು ನೋಡಿಲ್ಲ. ಬೆಳಿಗ್ಗೆ ನನ್ನೆದುರು ನಿಂತು ಮಾತಾಡ್ತಾನೆ, ಒಂದು ದಿನಾನೂ ವಾಸನೆ ಬಂದಿಲ್ಲ. ರಾತ್ರಿ ಏನು ಮಾಡ್ತಾನೋ ನನಗೆ ಗೊತ್ತಿಲ್ಲ."

ಅಯ್ಯೋ ತಾಯಿ! ಕುಡಿಯಲ್ಲ ಅಂತ ಒಂದೇ ಮಾತಲ್ಲಿ ಹೇಳೋಕೆ ಏನು ಕಷ್ಟ! ಟೋಪಿಯೊಳಗೆ ನನ್ನ ಕಿವಿ ಕಾದು ಕೆಂಡ.

"ಕೆಲಸ ಹೆಂಗ್ ಮಾಡ್ತಾನ್ರಿ?"

"ಕೆಲಸ ಚೆನ್ನಾಗಿ ಮಾಡ್ತಾನೆ, ಇಂದಿರಾನಗರದವರು ಬೀಗದ ಕೈ ಕೊಟ್ಟು ಹೋಗ್ತಾರೆ. ಆದ್ರೆ ಹೇಳಿದ ಟೈಮಿಗೆ ಹೋಗಲ್ಲ. ಹತ್ತು ಅಂದ್ರೆ ಹನ್ನೊಂದು."

ಸಿಟ್ಟಿನವನು ಅನ್ನಲಿ, ತಡ್ಕೊಂಡೆ. ಕುಡಿಯೋದು ಗೊತ್ತಿಲ್ಲ ಅನ್ನಲಿ, ತಡ್ಕೊಂಡೆ. ಆದ್ರೆ ನನ್ನ ಕೆಲಸದ ಮಾತು! ಟೋಪಿ ಕಿತ್ತು ಕೈಯಲ್ಲಿ ಹಿಡ್ಕೊಂಡು ಮುಂದಕ್ಕೆ ನುಗ್ಗಿದೆ.

"ಯಾವತ್ತು ಹನ್ನೊಂದಕ್ಕೆ ಹೋದೆ ನಾನು? ಹೇಳಿ, ಯಾವತ್ತು?"

"ಮೊನ್ನೆ ಮಂಗಳವಾರ."

"ಬಸ್ಸು ಸಿಗಲಿಲ್ಲ ಅವತ್ತು! ಗೊತ್ತಿಲ್ಲದೆ ಮಾತಾಡಬೇಡಿ!"

"ಬಸ್ಸು ಸಿಗದಿದ್ರೆ ನಡಿ. ಇಂದಿರಾನಗರ ಏನು ಮದ್ರಾಸಲ್ಲಿದೆಯಾ?"

ಗುಂಪಿಗೆ ಗುಂಪೇ ಘೊಳ್ ಅಂತ ನಕ್ಕಿತು. ಆಗ ನನಗೆ ಬುದ್ಧಿ ಬಂತು. ಮೆಲ್ಲಗೆ ತಿರುಗಿ ನೋಡಿದ್ರೆ ಮಾವ ಬಾಯಿ ಬಿಟ್ಕೊಂಡು ನನ್ನನ್ನೇ ನೋಡ್ತಿದ್ದಾರೆ. ಏನು ಹೇಳಲಿ? ನಮಸ್ಕಾರ ಅನ್ನಲಾ? ಓಡಿ ಹೋಗಲಾ? ಅಷ್ಟರಲ್ಲಿ ಹಾರ್ನ್! ವ್ಯಾನು ಬಂದು ನಿಂತಿತು. ನನಗೆ ಗೊತ್ತಿಲ್ಲದ ಹಾಗೆ ನನ್ನ ಕಾಲು ಆ ಕಡೆ ಹೋಯ್ತು. 'ಮಂಗಳವಾರ ಅಂತೆ, ಹನ್ನೊಂದು ಅಂತೆ' ಅಂತ ಗೊಣಗ್ತಾ ಕ್ರೇಟ್ ಇಳಿಸಿದೆ, ಬೂತಿನ ಪಕ್ಕ ಜೋಡಿಸಿದೆ, ಕೊನೆಯ ಕ್ರೇಟ್ ಇಡೋ ಹೊತ್ತಿಗೆ ಗೊಣಗಾಟವೂ ನಿಂತು, "ಇವತ್ತು ಹಾಲು ತಣ್ಣಗಿದೆ ನೋಡಿ ಅಮ್ಮ, ಚೆನ್ನಾಗಿದೆ" ಅಂದೆ. ಆಕೆ ಪಾಕೆಟ್ ಮುಟ್ಟಿ ನೋಡಿ ಹೂಂ ಅಂದ್ಲು.

ಮಾವ ಇದನ್ನೆಲ್ಲ ಕಣ್ಣು ಮಿಟುಕಿಸದೆ ನೋಡ್ತಾ ನಿಂತಿದ್ರು. ಆಮೇಲೆ ಕಿಂಡಿಗೆ ಬಗ್ಗಿ ಕೇಳಿದ್ರು: "ಕಡೀ ಮಾತು ಹೇಳ್ರಿ. ನಿಮಗ ಮಗಳಿದ್ರ ಕೊಡ್ತಿದ್ರೇನು?"

ಬೂತಮ್ಮ ಚಿಲ್ಲರೆ ಡಬ್ಬ ಮುಚ್ಚಿ, ಸೆರಗಿಗೆ ಕೈ ಒರೆಸ್ಕೊಂಡು, ನನ್ನ ಕಡೆ ನೋಡಿದ್ಲು.

"ಇವನು ಬಂದ ಹೊಸದರಲ್ಲಿ ಒಬ್ಬರು ಕೇಳಿದ್ರು, ಗೊತ್ತಿಲ್ಲ ಅಂದೆ. ಅದಕ್ಕೆ ಮುನಿಸ್ಕೊಂಡು ಬೇರೆ ಬೂತಿಗೆ ಹೋಗಿದ್ದ. ಈಗ ಮೂರು ವರ್ಷದಿಂದ ದಿನಾ ನೋಡ್ತಿದೀನಿ. ಈಗ ಗೊತ್ತು. ಕೊಡ್ತಿದ್ದೆ."

ಮೂರು ವರ್ಷ ನನ್ನನ್ನ ಚುಚ್ಚುತ್ತಿದ್ದ ಆ 'ಗೊತ್ತಿಲ್ಲ' ಅವತ್ತು ನನ್ನ ಪರವಾಗಿ ನಿಂತಿತ್ತು! ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳಲ್ಲ. ಮಾವ ಅರ್ಧ ಲೀಟರ್ ಹಾಲು ತಗೊಂಡು ನನ್ನ ಹತ್ತಿರ ಬಂದು, ಕೈಯಲ್ಲಿದ್ದ ಟೋಪಿ ನೋಡಿ, "ಹಾಕ್ಕೋರಿ, ಥಂಡಿ ಅದ" ಅಂದು ಬಸ್ ಸ್ಟಾಪಿನ ಕಡೆ ಹೋದ್ರು.

ಸಂಜೆಗೇ ಸುದ್ದಿ ಬಂತು. ಹೂಂ ಅಂತೆ! ಪೇಂಟರ್ ಗೆಳೆಯ ಬ್ರಶ್ ಎತ್ತಿ ಕುಣಿದ, ಟೈಲ್ಸ್ ಗೆಳೆಯ ನನ್ನನ್ನ ಹೆಗಲ ಮೇಲೆ ಹೊತ್ಕೊಂಡು ವಠಾರವೆಲ್ಲ ಸುತ್ತಿದ. ಕಟಿಂಗ್ ಶಾಪಿನವನು ತನ್ನ ಮಾತಿಂದಲೇ ಕೆಲಸ ಆಯ್ತು ಅಂತ ಇವತ್ತಿಗೂ ನಂಬಿದ್ದಾನೆ. ನಂಬ್ಲಿ ಬಿಡಿ.

ಮದುವೆ ಕೆ.ಆರ್.ಪುರದಲ್ಲೇ ಆಯ್ತು. ಜೋಗುಪಾಳ್ಯದಲ್ಲೇ ಬೇರೆ ಕೋಣೆ ಹಿಡಿದು ಸಂಸಾರ ಹೂಡಿದೆ. ಮೊದಲ ಬೆಳಗ್ಗೆ ನಾನು ಏಳೋ ಮುಂಚೆಯೇ ಹೆಂಡತಿ ಹಾಲು ತರೋಕೆ ಹೋಗಿದ್ದಳು. ಬಂದಳು, ಕೈಯಲ್ಲಿ ಹಾಲೇ ಇಲ್ಲ. ಕರಿ ಚಾ ಮಾಡಿ ಲೋಟಕ್ಕೆ ಬಗ್ಗಿಸಿದಳು.

"ಹಾಲು ಎಲ್ಲಿ?"

"ಇವತ್ತಿನ ಹಾಲು ಬ್ಯಾಡ ಅಂದ್ರು ಬೂತಮ್ಮ."

"ನಿನಗೆ ಬೂತಮ್ಮ ಹೇಗೆ ಗೊತ್ತು?"

ಆಕೆ ನಕ್ಕಳು. ನಾವು ಹೆಣ್ಣು ನೋಡೋಕೆ ಹೋಗೋ ಮುಂಚೆಯೇ, ಒಂದು ದಿನ ಕೆಲಸಕ್ಕೆ ಹೋಗ್ತಾ ಹಲಸೂರಲ್ಲಿ ಬಸ್ಸಿಳಿದು, ವಿಳಾಸ ಹಿಡಿದು ನಮ್ಮ ಬೀದಿಗೆ ಬಂದಿದ್ದಳಂತೆ. ನಾನು ಕೆಲಸಕ್ಕೆ ಹೋಗಿದ್ದೆ. ಕಾಲು ಲೀಟರ್ ಹಾಲು ಕೇಳಿದ್ದಕ್ಕೆ ಬೂತಮ್ಮ, 'ಇವತ್ತು ಬೇಡಮ್ಮ, ಒಡೆಯುತ್ತೆ' ಅಂದ್ಲಂತೆ. ಹಾಲು ಮಾರೋರೇ ಹೀಗಂದ್ರೆ ಇವರನ್ನೇ ಕೇಳೋಣ ಅಂತ ನನ್ನ ವಿಷಯ ಕೇಳಿದಳಂತೆ. ಬೂತಮ್ಮ ಮೊದಲು ಹೇಳಿದ್ದೇ ನನ್ನ ಸಿಟ್ಟು.

"ಅಂದ್ರೆ ಅವತ್ತು ನನ್ನ ಕೇಳೋವಾಗ ನಿನಗೆ ಮೊದಲೇ ಗೊತ್ತಿತ್ತು?"

"ಗೊತ್ತಿತ್ತು. ಸಿಟ್ಟಿಂದು ಅವರು ಹೇಳಿದ್ರು. ನೀವು ಖರೇ ಹೇಳ್ತೀರೋ ಇಲ್ಲೋ ಅನ್ನೋದು ಅವರಿಗೂ ಗೊತ್ತಿರಲಿಲ್ಲ. ಅದನ್ನ ನಾನೇ ನೋಡಬೇಕಿತ್ತು."

ಬಿಸಿ ಲೋಟ ನನ್ನ ಕಡೆ ಚಾಚಿ, ಅವತ್ತಿನ ಹಾಗೇ ಕೊಡದೆ ಹಿಡ್ಕೊಂಡು ಅಂದಳು:

"ಸಿಟ್ಟು ಬರಂಗಿಲ್ಲ ಅಂದಿದ್ರ, ಇವತ್ತ ಈ ಚಾ ನಿಮಗ ಸಿಗ್ತಿದ್ದಿಲ್ಲ."

ನಾನು ಎರಡೂ ಕೈ ಚಾಚಿ ಲೋಟ ಇಸ್ಕೊಂಡೆ.